ದೇವರಿಗೆ ಬಿಟ್ಟ ಅಡ್ಡಗಾಲುವೆ

ದೇವರು ಎಲೆಯನ್ನು ಮಾಡುವಾಗ ಯಾರ ಸಹಿಗೂ ಕಾದವನಲ್ಲ. ಕೋಕ್‌ತುತ್ ಊರಿನಲ್ಲಿ ಮಾತ್ರ ಮೊಳ ಅಗಲದ ಒಂದು ಕಾಲುವೆ ಇರಬೇಕೋ ಮುಚ್ಚಬೇಕೋ ಅನ್ನುವುದಕ್ಕೆ ಮೂರು ಸಹಿ ಬೇಕಿತ್ತು. ಆ ಮೂರರಲ್ಲಿ ಎರಡು ಆಗಲೇ ಬಿದ್ದಿದ್ದವು ಎಂದು ಊರೆಲ್ಲ ಖೋಲಾ, ಚಿಕ್ಕಮ್ಮ, ಎಂದು ಕರೆಯುವ ಖೋಸಿಯತ್‌ಗೆ ತಿಳಿದದ್ದು, ಅವಳ ಹಿತ್ತಲಿನ ಹಿಪ್ಪುನೇರಳೆ ಮರಗಳ ಮೇಲೆ ಯಾರೋ ಸುಣ್ಣದಲ್ಲಿ ಅಂಕಿ ಬರೆದು ಹೋದ ಮೇಲೆ. ಮೂವತ್ತೆಂಟು ಮರ. ಒಂದರಿಂದ ಮೂವತ್ತೆಂಟರವರೆಗೆ ಬಿಳಿ ಅಂಕಿ. ಕುರಿಗೆ ಬಣ್ಣ ಹಚ್ಚುವುದು ಯಾವಾಗ ಎಂಬುದು ಅವಳಿಗೆ ಗೊತ್ತಿತ್ತು.

ಆದದ್ದು ಇಷ್ಟು. ಜಿಲ್ಲೆಯ ನೀರು ಕಚೇರಿಯಿಂದ ಸೋಬಿರ್ ಎಂಬ ಇಂಜಿನಿಯರ್ ಬಂದಿದ್ದ. ಮೂರು ಕಾಲಿನ ಯಂತ್ರ, ಕೆಂಪು ಬಿಳಿ ಪಟ್ಟೆಯ ಕೋಲು, ಹೊಸ ಬೂಟು. ಮೂರು ದಿನ ಊರೆಲ್ಲ ಅಳೆದ. ಬೆಟ್ಟದ ಬುಡದಲ್ಲಿ ತಲೆಗಾಲುವೆ, ಅದರಿಂದ ಇಳಿಯುವ ಮೂರು ಕೇರಿಗಾಲುವೆ. ಅಲ್ಲಿಯವರೆಗೆ ಎಲ್ಲವೂ ಅವನಿಗೆ ಸರಿಯಾಗಿಯೇ ಕಂಡಿತು. ಆಮೇಲೆ ನಡುಗೇರಿಯ ಕಾಲುವೆಗೂ ಎಡಗೇರಿಯ ಕಾಲುವೆಗೂ ನಡುವೆ, ಏಣಿಯ ಮೆಟ್ಟಿಲಿನ ಹಾಗೆ, ಮೇಲಿನಿಂದ ಕೆಳಗೆ ಐದು ಅಡ್ಡಗಾಲುವೆ ಕಂಡವು. ಯಾವ ಹೊಲಕ್ಕೂ ಹೋಗದ, ಯಾವ ತೋಟಕ್ಕೂ ಉಣಿಸದ ಕಾಲುವೆಗಳು. ಊರ ನೀರಗಂಟಿ ಮಾಮಸೋಲಿಯನ್ನು ನಿಲ್ಲಿಸಿ ಕೇಳಿದ:

"ಇದು ಯಾರ ಕಾಲುವೆ?"

"ಯಾರದೂ ಅಲ್ಲ, ಸ್ವಾಮಿ. ಖುದೋಯಿ. ದೇವರಿಗೆ ಬಿಟ್ಟಿದ್ದು."

"ಯಾರ ಹೊಲಕ್ಕೆ ಹೋಗುತ್ತೆ?"

"ಹೊಲಕ್ಕೆ ಯಾಕೆ ಹೋಗುತ್ತೆ? ಆ ಕಾಲುವೆಯಿಂದ ಈ ಕಾಲುವೆಗೆ ಹೋಗುತ್ತೆ."

"ಪಾಳಿ ಹೇಗೆ?"

ಮಾಮಸೋಲಿ ಕಿವಿಯ ಮೇಲೆ ಕೈಯಿಟ್ಟು, "ತೋಬಾ, ತೋಬಾ! ದೇವರ ನೀರಿಗೆ ಪಾಳಿ ಹಾಕ್ತಾರಾ?" ಅಂದ.

ಇಂಜಿನಿಯರ್ ಬರೆದುಕೊಂಡ: "ಧಾರ್ಮಿಕ ಉದ್ದೇಶ. ಉಪಯೋಗ ಇಲ್ಲ. ಮುಚ್ಚತಕ್ಕದ್ದು. ದಂಡೆಯ ಮರ ಕಡಿಯತಕ್ಕದ್ದು." ದೇವರನ್ನು ಒಪ್ಪದ ಸರ್ಕಾರದ, ಸಾಮೂಹಿಕ ಬೇಸಾಯದ ಆ ಕಾಲದಲ್ಲಿ ದೇವರ ಹೆಸರು ಕಾಗದಕ್ಕೆ ಬಿತ್ತೆಂದರೆ ಆ ಕಾಗದ ಕುದುರೆಗಿಂತ ಬೇಗ ಓಡುತ್ತಿತ್ತು.

ಮಾಮಸೋಲಿಯನ್ನು ಬೈದು ಫಲವಿಲ್ಲ. ಊರಿನಲ್ಲಿ ಯಾರನ್ನು ಕೇಳಿದ್ದರೂ ಅದೇ ಉತ್ತರ ಬರುತ್ತಿತ್ತು. ಹಿರಿಯರು ಯಾಕೆ ಬಿಟ್ಟರು ಎಂಬುದನ್ನು ಊರು ಎಂದೋ ಮರೆತಿತ್ತು. ಬಿಟ್ಟದ್ದನ್ನು ಮರೆತಿರಲಿಲ್ಲ. ವಸಂತದಲ್ಲಿ ಮೊದಲು ಅದರ ಹೂಳು ತೆಗೆಯುವರು, ಆಮೇಲೆ ತಮ್ಮ ತಮ್ಮ ಕಾಲುವೆಗೆ ಗುದ್ದಲಿ ಹಾಕುವರು. ಅದರ ದಂಡೆ ಸೀಳಿ ಯಾರೂ ನೀರಿಗೆ ಬಾಯಿ ತೆರೆಯುತ್ತಿರಲಿಲ್ಲ. ಇನ್ನೂರು ವರ್ಷಕ್ಕೆ ಅಷ್ಟು ಸಾಕಾಗಿತ್ತು.

ಖೋಸಿಯತ್‌ಗೆ ಸಾಕಾಗಲಿಲ್ಲ. ಮೂರನೆಯ ಅಡ್ಡಗಾಲುವೆ ಹರಿಯುವುದು ಅವಳ ಹಿತ್ತಲಿನಲ್ಲಿ. ಅದರ ಒಸರಿನಲ್ಲಿ ಬೇರೂರಿ ನಿಂತ ಮೂವತ್ತೆಂಟು ಮರಗಳನ್ನು ನೆಟ್ಟವನು ತೀರಿಹೋದ ಅವಳ ಗಂಡ ಯುಲ್ದೋಶ್. ಮನೆಯೊಳಗೆ ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದ ರೇಷ್ಮೆ ಹುಳಗಳು ಮೂರು ಅಂಕಣ ತುಂಬ ಮಲಗಿದ್ದವು. ನಾಲ್ಕನೇ ಜ್ವರದಿಂದ ಎದ್ದ ಹುಳಕ್ಕೆ ಹಗಲು ಇರುಳು ಸೊಪ್ಪು ಬೇಕು, ಇನ್ನು ಹತ್ತು ದಿನ. ಒಂದು ಹೊತ್ತು ತಪ್ಪಿದರೆ ಗೂಡು ಕಟ್ಟುವ ಹುಳ ಗೊಬ್ಬರವಾಗುತ್ತದೆ. ಮರ ಕಡಿಯುವುದು ಗುರುವಾರ ಎಂದು ಗೊತ್ತಾಗಿತ್ತು. ಅವತ್ತು ಶುಕ್ರವಾರ.

ಅವಳು ಮೊದಲು ಹೋದದ್ದು ರೈಸ್ ತುರ್ದಿಕುಲ್ ಹತ್ತಿರ. ಊರ ಬೇಸಾಯಕ್ಕೆಲ್ಲ ಅವನೇ ಯಜಮಾನ. ಅವನ ಮೂಗು ಒರೆಸಿ ಬೆಳೆಸಿದ ಹೆಂಗಸರಲ್ಲಿ ಖೋಸಿಯತ್ ಒಬ್ಬಳು.

"ಖೋಲಾ, ನನ್ನ ಕೈಯಲ್ಲಿ ಏನಿದೆ ಹೇಳಿ? ಮೇಲಿನವರ ಕಾಗದ," ಅಂದ ರೈಸ್, ಚಹಾದ ಬಟ್ಟಲು ತಿರುಗಿಸುತ್ತ.

"ನಿನ್ನ ಕೈಯಲ್ಲಿ ಬಟ್ಟಲಿದೆಯಪ್ಪ, ಕಾಣುತ್ತೆ. ಸಹಿ ಹಾಕುವಾಗ ಎಲ್ಲಿಟ್ಟಿದ್ದೆ ಅದನ್ನ?"

"ಉಪಯೋಗ ಇಲ್ಲದ್ದು ಅಂತ ಬರೆದಿದಾರೆ. ನಾನು ಇದೆ ಅಂತ ಹೇಳಿದ್ರೆ ಏನು ಉಪಯೋಗ ಅಂತ ಕೇಳ್ತಾರೆ. ಏನು ಹೇಳಲಿ? ದೇವರು ಅನ್ನಲಾ? ನನ್ನ ಕುರ್ಚಿ ಹೋಗುತ್ತೆ."

"ಕುರ್ಚಿ ಹೋದ್ರೆ ಹೋಗಲಿ ಬಿಡು. ನಿಮ್ಮಪ್ಪ ನೆಲದ ಮೇಲೆ ಕೂತೇ ಮನುಷ್ಯನಾಗಿದ್ದ."

ರೈಸ್ ನಕ್ಕ. ಇಂಥವರ ನಗು ಬಲು ಒಳ್ಳೆಯದು, ಖರ್ಚಿಲ್ಲ. ಮೂರನೆಯ ಸಹಿ ಇಂಜಿನಿಯರನದು, ಕೆಲಸ ಮುಗಿದ ಮೇಲೆ ಬೀಳುವಂಥದ್ದು, ಅವನನ್ನೇ ಕೇಳಿ ಅಂದು ಕೈ ತೊಳೆದುಕೊಂಡ.

ಇಂಜಿನಿಯರ್ ತಾನಾಗಿಯೇ ಬಂದ, ಭಾನುವಾರ, ದಂಡೆ ಅಳೆಯಲು. ಖೋಸಿಯತ್ ಸೊಪ್ಪಿನ ಹೊರೆ ಇಳಿಸಿ, ರೊಟ್ಟಿ ಮುರಿದು ಮುಂದಿಟ್ಟಳು. ಹಗೆಯಾದರೂ ಹಸಿದವನ ಮುಂದೆ ರೊಟ್ಟಿ ಇಡದೆ ಮಾತಾಡುವವಳಲ್ಲ. ರೊಟ್ಟಿ ಇಟ್ಟಮೇಲೆ ಬಿಡುವವಳೂ ಅಲ್ಲ.

"ತಿನ್ನು ಮಗಾ. ಈ ಕಾಲುವೆ ನಿನಗೆ ಏನು ಮಾಡ್ತು?"

ಸೋಬಿರ್ ಕೆಟ್ಟವನಲ್ಲ. ಓದಿದ್ದನ್ನು ಒಪ್ಪಿಸುವಾಗ ಅವನ ಕಣ್ಣು ಹೊಳೆಯುತ್ತಿತ್ತು. "ಖೋಲಾ, ಪ್ರಕೃತಿ ಒಂದು ಹನಿ ದಂಡ ಮಾಡಲ್ಲ. ಹೊಳೆ ನೋಡಿ. ಸಣ್ಣ ತೊರೆ ಸೇರಿ ದೊಡ್ಡ ತೊರೆ, ಅದು ಸೇರಿ ಹೊಳೆ. ಮರ ನೋಡಿ, ಬೊಡ್ಡೆ, ಕೊಂಬೆ, ರೆಂಬೆ. ನಿಮ್ಮ ಮೈಯ ರಕ್ತನಾಳ ಹಾಗೇ. ಒಂದೊಂದು ಜಾಗಕ್ಕೆ ಒಂದೇ ದಾರಿ. ಸುತ್ತುದಾರಿ ಎಲ್ಲೂ ಇಲ್ಲ. ನಿಮ್ಮ ಊರಿನ ಅಡ್ಡಗಾಲುವೆಗಳು ಐದೂ ಸುತ್ತುದಾರಿ. ನಿಂತ ನೀರು ಇಂಗಿಹೋಗುತ್ತೆ, ಅಷ್ಟೇ."

"ಹೊಳೆ ಯಾರಿಗೆ ಉಣ್ಣಿಸುತ್ತೆ ಮಗಾ?"

"ಅಂದ್ರೆ?"

"ಹೊಳೆಗೆ ಉಣ್ಣಿಸೋ ಹೊಣೆ ಇಲ್ಲ. ಎಲ್ಲರ ಹತ್ತಿರ ಇದ್ದದ್ದನ್ನ ಬಳ್ಕೊಂಡು ಹೋಗೋದೇ ಅದರ ಕೆಲಸ. ನಿಮ್ಮ ಕಚೇರಿ ಹಾಗೆ." ಅವಳು ಹೊರೆಯಿಂದ ಒಂದು ಎಲೆ ಎಳೆದು ಬಿಸಿಲಿಗೆ ಹಿಡಿದಳು. "ಇದು ಉಣ್ಣಿಸುತ್ತೆ. ಇದನ್ನ ನೋಡು. ಈ ದಪ್ಪ ನರ ಎಲ್ಲಿಂದ ಬಂತು?"

"ತೊಟ್ಟಿನಿಂದ."

"ಇದರ ಪಕ್ಕದ ಸಣ್ಣದು?"

"ಅದರಿಂದ ಕವಲೊಡೆದಿದ್ದು. ನಾನು ಹೇಳಿದ್ದೇ ಆಯ್ತಲ್ಲ."

"ತಡಿ, ಬೂಟು ಹಾಕ್ಕೊಂಡು ಓಡಬೇಡ. ಆ ಸಣ್ಣದು ಎಲ್ಲಿ ಮುಗೀತು?"

ಅವನು ಎಲೆಯನ್ನು ಕಣ್ಣಿನ ಹತ್ತಿರ ತಂದ. ಸಣ್ಣ ನರ ಮುಗಿದಿರಲಿಲ್ಲ. ಪಕ್ಕದ ನರಕ್ಕೆ ಹೋಗಿ ಸೇರಿತ್ತು. ಅದರ ಮಗ್ಗುಲಿನದು ಇನ್ನೊಂದಕ್ಕೆ. ಎಲೆಯ ತುಂಬ ಮೀನಿನ ಬಲೆಯ ಹಾಗೆ ಕಣ್ಣುಕಣ್ಣು. "ಎಲೆ ಬೇರೆ, ಕಾಲುವೆ ಬೇರೆ," ಅಂದ.

"ಬೇರೆಯೇ. ಎಲೆ ಮಾಡಿದವನು ನಿನ್ನ ಕಾಲೇಜಿಗೆ ಹೋಗಿರಲಿಲ್ಲ. ಬಾ ಇಲ್ಲಿ." ಹನ್ನೊಂದನೇ ಅಂಕಿಯ ಮರದ ಕೆಳಗೆ ಅವನನ್ನು ಎಳೆದು ನಿಲ್ಲಿಸಿದಳು. ಕಳೆದ ವಾರ ಆಲಿಕಲ್ಲು ಬಿದ್ದು ಕೆಳಗಿನ ಎಲೆಗಳು ತೂತಾಗಿದ್ದವು. ಒಂದರಲ್ಲಿ ನಡುನರವೇ ತುಂಡಾಗಿತ್ತು. ತೂತಿನಾಚೆಯ ಎಲೆ ಮಾತ್ರ ಹಸುರಾಗಿ, ಗಟ್ಟಿಯಾಗಿ ಇತ್ತು. "ರಾಜಮಾರ್ಗ ಕಡಿದುಹೋಯ್ತು. ಆಚೆಯವರು ಹಸಿದು ಸಾಯ್ಲಿಲ್ಲ ಯಾಕೆ? ಒಂದೊಂದು ಜಾಗಕ್ಕೆ ಒಂದೇ ದಾರಿ ಅಂದ್ಯಲ್ಲ?"

ಸೋಬಿರ್ ಎಲೆಯನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ. "ಅಂದ್ರೆ ಈ ಕಾಲುವೆ ಅದಕ್ಕೇ ಇರೋದಾ, ಖೋಲಾ? ನೀರು ಸುತ್ತಿ ಬರಲಿ ಅಂತ?"

ನಿಜ ಹೇಳಬೇಕೆಂದರೆ ಖೋಸಿಯತ್‌ಗೆ ಗೊತ್ತಿರಲಿಲ್ಲ. ಬಾಯಿ ಮುಚ್ಚಿಸಲು ಹೇಳಿದ ಮಾತದು. "ಅದು ದೇವರಿಗೆ ಬಿಟ್ಟಿದ್ದು. ದೇವರನ್ನ ಯಾಕೆ ಅಂತ ಕೇಳೋಷ್ಟು ನಾನು ಓದಿಲ್ಲ," ಅಂದಳು.

ಪಾಪ, ಆ ಒಂದು ಮಾತಿನಿಂದ ಗೆದ್ದ ವಾದವನ್ನು ಸೋತಳು. ಇಂಜಿನಿಯರ್ ನಿಟ್ಟುಸಿರು ಬಿಟ್ಟು ಪಟ್ಟೆಕೋಲು ಎತ್ತಿಕೊಂಡ.

ಸೋಮವಾರ ಮೇಲಿನ ಎರಡು ಅಡ್ಡಗಾಲುವೆ ಮುಚ್ಚಿದರು. ಟ್ರಾಕ್ಟರು ಮಣ್ಣು ತಳ್ಳಿ, ಮೇಲೆ ಓಡಾಡಿ ಗಟ್ಟಿ ಮಾಡಿತು. ನೋಡಲು ಊರಿನ ಗಂಡಸರೆಲ್ಲ ಸಾಲಾಗಿ ಕುಕ್ಕರುಗಾಲಲ್ಲಿ ಕೂತಿದ್ದರು. ಒಬ್ಬನೂ ಎದ್ದು ನಿಲ್ಲಲಿಲ್ಲ. ಎಲ್ಲರ ತುಟಿಯಲ್ಲೂ ದೇವರ ಹೆಸರು ಮಾತ್ರ ಇತ್ತು. "ಜೋರಾಗಿ ಹೇಳ್ರೋ," ಅಂದಳು ಖೋಸಿಯತ್, ಸೊಪ್ಪು ಹೊತ್ತು ಹಾದು ಹೋಗುತ್ತ. "ದೇವರಿಗೆ ಟ್ರಾಕ್ಟರ್ ಸದ್ದಿನಲ್ಲಿ ಕೇಳಿಸ್ತಿಲ್ಲವಂತೆ."

ಬುಧವಾರ ಮಧ್ಯಾಹ್ನ ಬೆಟ್ಟದ ಮೇಲೆ ಮೋಡ ಕವುಚಿಕೊಂಡಿತು. ಊರಿನಲ್ಲಿ ಒಂದು ಹನಿಯೂ ಬೀಳಲಿಲ್ಲ. ಅರ್ಧ ಗಂಟೆಯ ಮೇಲೆ ಕಮರಿಯಿಂದ ಕಲ್ಲು ಕೆಸರಿನ ಹೊಳೆ ಗುಡುಗುಟ್ಟಿಕೊಂಡು ಇಳಿದು ಬಂತು. ವಸಂತದಲ್ಲಿ ಅದು ಹೊಸದಲ್ಲ, ಮೂರು ನಾಲ್ಕು ವರ್ಷಕ್ಕೊಮ್ಮೆ ಬರುವುದೇ. ತಲೆಗಾಲುವೆಯ ದಂಡೆ ಸವರಿಕೊಂಡು ಹೋಯಿತು. ನಡುಗೇರಿಯ ಕಾಲುವೆಯ ಬಾಯಿಯಲ್ಲಿ ಮನೆಯೆತ್ತರದ ಕಲ್ಲುಮಣ್ಣು ತುರುಕಿ ನಿಂತಿತು. ಜೀವಕ್ಕೇನೂ ಆಗಲಿಲ್ಲ, ದೇವರು ದೊಡ್ಡವನು. ಆ ಕೇರಿಗೆ ನೀರು ನಿಂತಿತು, ಅಷ್ಟೆ. ಬಾಯಿ ಬಿಡಿಸಲು ಹತ್ತು ದಿನ ಬೇಕು ಅಂದ ಮಾಮಸೋಲಿ.

ಸೋಬಿರ್ ಖಾಲಿಯಾದ ನಡುಗೇರಿ ಕಾಲುವೆಯ ಪಕ್ಕದಲ್ಲಿ ಇಳಿದು ಬಂದ. ಮುಚ್ಚಿದ ಮೊದಲನೆಯ ಅಡ್ಡಗಾಲುವೆ ದಾಟಿದ, ನೀರಿಲ್ಲ. ಎರಡನೆಯದು ದಾಟಿದ, ನೀರಿಲ್ಲ. ಅಲ್ಲಿ ರೈಸ್ ತುರ್ದಿಕುಲ್‌ನ ಮನೆ, ಅಂಗಳದ ಕೊಳದಲ್ಲಿ ತಳದ ಮಣ್ಣು ಕಾಣುತ್ತಿತ್ತು. ಖೋಸಿಯತ್‌ಳ ಹಿತ್ತಲಿನ ಹತ್ತಿರ ಬಂದವನು ಅಲ್ಲೇ ನಿಂತುಬಿಟ್ಟ.

ಮೂರನೆಯ ಅಡ್ಡಗಾಲುವೆಯಲ್ಲಿ ನೀರು ಹರಿಯುತ್ತಿತ್ತು. ಹಿಂದುಮುಂದಾಗಿ ಹರಿಯುತ್ತಿತ್ತು. ನೆನ್ನೆಯವರೆಗೆ ನಡುಗೇರಿಯಿಂದ ಎಡಗೇರಿಗೆ ತೆವಳುತ್ತಿದ್ದದ್ದು ಇವತ್ತು ಎಡಗೇರಿಯಿಂದ ನಡುಗೇರಿಗೆ ತಿರುಗಿತ್ತು. ಯಾರೂ ನೀರಿನ ಮಡೆ ತಿರುವಿರಲಿಲ್ಲ, ಯಾರೂ ಗುದ್ದಲಿ ಮುಟ್ಟಿರಲಿಲ್ಲ. ಅದಕ್ಕಿಂತ ಕೆಳಗಿನ ನಡುಗೇರಿಯ ಮನೆಗಳಿಗೆಲ್ಲ, ಸ್ವಲ್ಪ ಸಣ್ಣಗಾದರೂ, ನೀರು ಇತ್ತು. ಅವನು ಬಗ್ಗಿ ಒಂದು ಒಣಕಡ್ಡಿ ನೀರಿಗೆ ಹಾಕಿದ. ಅದು ಅವನ ನಕ್ಷೆಗೆ ಬೆನ್ನು ಹಾಕಿ ತೇಲಿಹೋಯಿತು.

"ಇಳಿಜಾರೇ ಇಡದೆ ತೋಡಿದಾರೆ," ಅಂದ ತನಗೇ ಎಂಬಂತೆ. "ಎರಡು ಕಡೆಗೂ ಹರೀಲಿ ಅಂತ. ಬೇಕಂತಲೇ."

ಖೋಸಿಯತ್ ದಂಡೆಯಲ್ಲಿ ಕೂತಿದ್ದಳು. ಅವಳಿಗೂ ಆಗಷ್ಟೇ ಗೊತ್ತಾದದ್ದು. ಅದನ್ನು ತೋರಿಸಿಕೊಳ್ಳಲಿಲ್ಲ. "ಈಗ ಕಾಣ್ತಾ? ಹೋಗು, ರೈಸ್‌ಗೆ ಹೇಳು. ಉಪಯೋಗ ಅವನ ಮನೆ ಬಾಗಿಲಿಗಿಂತ ಒಂದು ಮೆಟ್ಟಿಲು ಕೆಳಗೆ ಇತ್ತು ಅಂತ."

ಗುರುವಾರ ಮರ ಕಡಿಯಲಿಲ್ಲ. ಬದಲಿಗೆ ಸಭೆ ಸೇರಿತು. ನೆನ್ನೆ ಕಾಲುವೆಯನ್ನು ಮೂಢನಂಬಿಕೆ ಅಂದಿದ್ದ ನಾಲಿಗೆಯೇ ಇವತ್ತು ಅದನ್ನು "ನಮ್ಮ ಶ್ರಮಜೀವಿಗಳ ಬುದ್ಧಿಶಕ್ತಿ" ಅಂದಿತು. ರೈಸ್ ಅದಕ್ಕೆ "ಮೀಸಲು ಸಂಪರ್ಕ ಕಾಲುವೆ, ಸಂಖ್ಯೆ ಮೂರು" ಎಂದು ಹೆಸರಿಟ್ಟ. ಉಪಯುಕ್ತವಾದ ಮೇಲೆ ಅದನ್ನು ಸುಮ್ಮನೆ ಹರಿಯಬಿಡಲು ಆಗುತ್ತದೆಯೇ? ದಂಡೆಯ ಹನ್ನೊಂದು ಮನೆಗೂ ಪಾಳಿ ಹಂಚಿದ. ಮೊದಲ ಪಾಳಿ, ಎಲ್ಲರ ಚಪ್ಪಾಳೆಯ ನಡುವೆ, ಖೋಸಿಯತ್ ಖೋಲಾಗೆ.

ಅವಳು ತಗೊಂಡಳು. ಇದನ್ನು ಹೇಳಲೇಬೇಕು. ಬೇಡ ಅನ್ನಬಹುದಿತ್ತು. ನಾಲ್ಕು ಜನರ ಮುಂದೆ ರೈಸ್ ತಲೆ ತಗ್ಗಿಸಿ "ನೀವು ಗೆದ್ದಿರಿ, ಖೋಲಾ" ಅಂದಾಗ ಅವಳ ಎದೆ ಉಬ್ಬಿತು, ಉಬ್ಬಿದ ಎದೆಯಲ್ಲಿ ದೇವರಿಗೆ ಜಾಗ ಇಕ್ಕಟ್ಟಾಯಿತು. ಮರಗಳಿಗೆ ನೀರು ಬೇಕಿರಲಿಲ್ಲ, ಬೇರಿಗೆ ಒಸರು ಇದ್ದೇ ಇತ್ತು. ಆದರೂ ಮನೆಗೆ ಹೋದವಳು ಗುದ್ದಲಿ ತೆಗೆದು ದಂಡೆಯನ್ನು ಒಂದು ಗೇಣು ಸೀಳಿ, ಎಷ್ಟೋ ವರ್ಷದಿಂದ ಬೀಳು ಬಿದ್ದಿದ್ದ ಮೂಲೆಗೆ ನೀರು ತಿರುಗಿಸಿ, ಈರುಳ್ಳಿ ಸಸಿ ಊರಿದಳು. ಗೆದ್ದವಳ ಈರುಳ್ಳಿ!

ಮಾರನೆಯ ದಿನ ಪಕ್ಕದ ಮನೆಯವರು ಸೀಳಿದರು. ಆಮೇಲೆ ಅವರ ಪಕ್ಕದವರು. ಪಾಳಿ ಎಂದಮೇಲೆ ಪಾಳಿಗಿಂತ ಮುಂಚೆ ಎಂಬುದೂ ಹುಟ್ಟಿತು, ಪಾಳಿ ಮುಗಿದ ಮೇಲೂ ಎಂಬುದೂ ಹುಟ್ಟಿತು. ಇನ್ನೂರು ವರ್ಷ ಕೈಯಿಡದವರು ನಾಲ್ಕೇ ದಿನಕ್ಕೆ ಗುದ್ದಲಿ ಹಿಡಿದು ಒಬ್ಬರ ತಾಯಿಯನ್ನು ಇನ್ನೊಬ್ಬರು ನೆನೆಯುವವರೆಗೆ ಬಂದರು. ಖೋಸಿಯತ್ ತನ್ನ ಹಿತ್ತಲಿನಿಂದಲೇ ಎಲ್ಲರನ್ನೂ ಜಾಲಾಡಿದಳು: "ನೋಡ್ರೀ ಭಕ್ತರನ್ನ! ದೇವರದಾಗಿದ್ದಾಗ ಕಾಲುವೆ ಹತ್ತಿರ ಕೆಮ್ಮೋಕೂ ಹೆದರ್ತಿದ್ರು. ಸರ್ಕಾರದ್ದು ಅಂತ ಗೊತ್ತಾದ ಕೂಡ್ಲೇ ಹಲ್ಲು ಬಂತು!"

ಐದನೆಯ ದಿನ ಇನೋಬತ್ ಬಂದಳು, ಕೈಯಲ್ಲಿ ಎರಡು ಖಾಲಿ ಬಕೆಟ್ಟು. ನಡುಗೇರಿಯ ಕೆಳತುದಿಯವಳು, ಗಂಡನಿಲ್ಲದವಳು, ಕಡಿಮೆ ಮಾತಿನವಳು. ಅವಳ ಮನೆಯಲ್ಲೂ ಹುಳ ಸಾಕಿದ್ದರು.

"ಓಪಾ, ಅಕ್ಕಾ, ಒಂದೆರಡು ಬಕೆಟ್ ನೀರು ತಗೊಳ್ಲಾ? ಕುಡಿಯೋಕೆ."

"ನಿನ್ನ ಕೇರಿ ಕಾಲುವೆ ಏನಾಯ್ತೇ?"

"ಮೂರು ದಿನದಿಂದ ಬರ್ತಿಲ್ಲ. ಮೇಲೆ ಕೆಸರು ಕಟ್ಟಿದೆ. ಇಲ್ಲಿಂದ ಬರ್ತಿದ್ದದ್ದು ಇಲ್ಲೇ ನಿಲ್ಲುತ್ತೆ, ಕೆಳಗಿನ ಎರಡು ಅಡ್ಡಗಾಲುವೆಗೂ ಏನೂ ಮಿಗಲ್ಲ."

"ನಿಲ್ಲದೆ ಏನಾಗುತ್ತೆ! ಈ ಹನ್ನೊಂದು ಮನೆ ಕಳ್ಳರು ಬಿಟ್ಟರೆ ತಾನೇ? ಒಬ್ಬೊಬ್ಬನ ಕೈ ಕಡೀಬೇಕು."

ಇನೋಬತ್ ಎರಡೂ ಬಕೆಟ್ ತುಂಬಿಸಿದಳು. ಆಮೇಲೆ ಮೆಲ್ಲಗೆ ಅಂದಳು, "ಹತ್ತು ಮನೆ, ಓಪಾ. ಹನ್ನೊಂದನೇದು ನಿಮ್ಮದು. ಜನ ಹೇಳ್ತಾರೆ, ಖೋಲಾ ಸೀಳಿದ್ಮೇಲೆ ನಮಗೇನು ಪಾಪ ಅಂತ." ಹೇಳಿ ಬಕೆಟ್ಟು ಎತ್ತಿಕೊಂಡು, "ದೇವರು ಒಳ್ಳೇದು ಮಾಡಲಿ," ಅಂದು ಹೋದಳು. ಅದರಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ಖೋಸಿಯತ್ ಉತ್ತರ ಕೊಡುತ್ತಿದ್ದಳು.

ಊರಿಗೆಲ್ಲ ಹಂಚಿದ ಬೈಗುಳದಲ್ಲಿ ತನ್ನ ಪಾಲು ಅವಳು ಇಟ್ಟುಕೊಂಡಿರಲಿಲ್ಲ. ಈಗ ಇಟ್ಟುಕೊಂಡಳು, ಧಾರಾಳವಾಗಿಯೇ. ಆಮೇಲೆ ಗುದ್ದಲಿ ತಂದು ತನ್ನ ಸೀಳನ್ನು ಮುಚ್ಚಿ, ಕಾಲಿನಿಂದ ತುಳಿದು ಗಟ್ಟಿ ಮಾಡಿ, ಕೆಸರುಗೈಯಲ್ಲೇ ರೈಸ್‌ನ ಕಚೇರಿಗೆ ನಡೆದಳು.

ಸೋಬಿರ್ ವರದಿ ಬರೆಯುತ್ತಿದ್ದ. ಒಂಬತ್ತು ಪುಟ ಆಗಿತ್ತು. ಮೊದಲ ಪುಟಕ್ಕೆ ಆ ತೂತು ಎಲೆಯನ್ನೇ ಅಂಟಿಸಿದ್ದ. ಅವಳನ್ನು ಕಂಡು ಎದ್ದು ನಿಂತ. "ಬನ್ನಿ ಖೋಲಾ! ನೀವು ಹೇಳಿದ್ದೇ ಸರಿ. ಉಣ್ಣಿಸೋ ಜಾಲಕ್ಕೆ ಸುತ್ತುದಾರಿ ಬೇಕೇ ಬೇಕು. ಹಾನಿಯಾದಾಗಲೂ ಬೇಕು, ಒಂದು ಕಡೆ ಹೆಚ್ಚು ಕೇಳಿದಾಗಲೂ ಬೇಕು. ಮುಚ್ಚಿದ ಎರಡನ್ನೂ ಮತ್ತೆ ತೋಡಿಸ್ತೀನಿ. ಎಲ್ಲ ಬರೆದಿದೀನಿ."

"ಉಪಯೋಗ ಅನ್ನೋ ಕಡೆ ಏನು ಬರೆದೆ?"

"ಅತ್ಯಂತ ಉಪಯುಕ್ತ."

"ಹೊಡೆದು ಹಾಕು. ಉಪಯೋಗ ಇಲ್ಲ ಅಂತ ಬರಿ."

ಸೋಬಿರ್ ಅವಳಿಗೆ ಬಿಸಿಲು ಹೊಡೆದಿದೆ ಅಂದುಕೊಂಡ. "ಖೋಲಾ, ನಿಮ್ಮ ಮರಗಳು ಉಳಿದದ್ದೇ ಆ ಮಾತಿನಿಂದ."

"ಮರ ಉಳೀತು. ಕಾಲುವೆ ಹೋಯ್ತು. ಹೋಗಿ ನೋಡು, ಹತ್ತು ಕಡೆ ಸೀಳಿದಾರೆ. ಅವರಿಗಿಂತ ಮೊದಲು ನಾನೇ ಸೀಳಿದ್ದು. ಉಪಯೋಗ ಇದೆ ಅಂತ ಬರೆದ ಕೂಡ್ಲೇ ಅದಕ್ಕೆ ಪಾಳಿ ಬಂತು, ಪಾಳಿ ಬಂದ ಕೂಡ್ಲೇ ಬಾಯಿ ಬಂತು. ಖಾಲಿ ಇದ್ದದ್ದಕ್ಕೇ ಅದು ಸುತ್ತಿ ಬರ್ತಿತ್ತು ಮಗಾ. ಈಗ ಸುತ್ತೋಕೆ ನೀರೆಲ್ಲಿದೆ ಅದರಲ್ಲಿ?"

"ಹಾಗಾದ್ರೆ ದಂಡ ಹಾಕೋಣ. ಕಾವಲು ಇಡೋಣ. ಹಿಂದೆ ಏನು ದಂಡ ಇತ್ತು?"

"ದಂಡ ಇರಲಿಲ್ಲ."

"ಮತ್ತೆ ಯಾಕೆ ಮುಟ್ತಿರಲಿಲ್ಲ?"

"ನಾಚಿಕೆ ಆಗ್ತಿತ್ತು."

ಸೋಬಿರ್ ಕಾಗದದ ಕಡೆ ನೋಡಿದ. ನಾಚಿಕೆಗೆ ಆ ಕಾಗದದಲ್ಲಿ ಜಾಗವಿರಲಿಲ್ಲ. ಅಗಲ, ಆಳ, ಉದ್ದ, ಇಳಿಜಾರು, ಉಪಯೋಗ, ಅಷ್ಟೇ ಇದ್ದವು. "ಉಪಯೋಗ ಇಲ್ಲ ಅಂತ ಬರೆದ್ರೆ ಮತ್ತೆ ಮುಚ್ಚು ಅಂತಾರೆ," ಅಂದ.

"ಮುಚ್ಚೋಕೆ ಮಣ್ಣು ದುಬಾರಿ ಅಂತ ಬರಿ. ಸುಳ್ಳು ಬರೆಯೋದನ್ನೂ ನಾನೇ ಹೇಳ್ಕೊಡಬೇಕಾ? ಇಷ್ಟು ವರ್ಷ ಕಚೇರಿಯಲ್ಲಿ ಏನು ಕಲಿತೆ?"

ಅವನು ಪೆನ್ನು ಹಿಡಿದು ಕೂತ. ಬದುಕಿನಲ್ಲಿ ಮೊದಲ ಸಲ, ಯಾವ ಪುಸ್ತಕದಿಂದಲೂ ಅಲ್ಲದೆ, ನೀರಿಗೆ ಕಡ್ಡಿ ಹಾಕಿ ಕಲಿತ ಮಾತು ಅದು. ಅದನ್ನೇ ಅಲ್ಲ ಎಂದು ಬರೆಯಬೇಕು. ಒಂಬತ್ತು ಪುಟವನ್ನೂ ಬದಿಗಿಟ್ಟ. ಹೊಸ ಹಾಳೆಯಲ್ಲಿ ಬರೆದ: "ಅಡ್ಡಗಾಲುವೆಗಳು, ಐದು. ಉಪಯೋಗ ಇಲ್ಲ. ಮುಚ್ಚಲು ಮಣ್ಣು ಸಾಗಿಸುವ ಶ್ರಮ ಹೆಚ್ಚು, ಆದ್ದರಿಂದ ಇದ್ದಂತೆ ಬಿಡತಕ್ಕದ್ದು. ಮುಚ್ಚಿದ ಎರಡು ತಪ್ಪಾಗಿ ಮುಚ್ಚಿದವು, ತೆರೆಯತಕ್ಕದ್ದು. ಪಾಳಿ ರದ್ದು." ಸಹಿ ಹಾಕುವಾಗ ಅವನ ಮುಖ ಹಲ್ಲು ಕೀಳಿಸಿಕೊಂಡವನ ಹಾಗಿತ್ತು. ರೈಸ್ ಓದದೆ ಸಹಿ ಹಾಕಿದ, ಜಿಲ್ಲೆಯವರು ಆಮೇಲೆ ಹಾಗೆಯೇ ಹಾಕಿದರು. ಅವನ ಗುಣವನ್ನು ಬೈಯುತ್ತಿದ್ದವರಿಗೂ ಅವತ್ತು ಅದು ಗುಣವಾಗಿ ಕಂಡಿತು.

ಕಾಗದದ ಕೆಲಸ ಕಾಗದದಲ್ಲಿ ಮುಗಿಯಿತು. ಹತ್ತು ಸೀಳು ಉಳಿದಿದ್ದವು. ಖೋಸಿಯತ್ ದಂಡೆಯುದ್ದಕ್ಕೂ ಒಂದೊಂದೇ ಮನೆಯ ಹಿತ್ತಲಲ್ಲಿ ನಿಂತು, ಯಾರನ್ನೂ ಕರೆಯದೆ, ಯಾರನ್ನೂ ಬೈಯದೆ ಮಣ್ಣು ಎಳೆದು ಹಾಕತೊಡಗಿದಳು. ಅವಳು ಬೈಯದೆ ಇರುವುದನ್ನು ಊರು ಕಂಡೇ ಇರಲಿಲ್ಲ. ಮೂರನೆಯ ಮನೆಯವನು ಬಾಗಿಲಿಗೆ ಬಂದು ಕೇಳಿದ:

"ಖೋಲಾ, ಈಗ ಯಾರ ಪಾಳಿ?"

"ಯಾರದೂ ಇಲ್ಲ."

"ಹಾಗಾದ್ರೆ ನೀರು ಯಾರದು?"

ಅವಳು ಬೆನ್ನು ನೆಟ್ಟಗೆ ಮಾಡಿ ಅವನನ್ನು ನೋಡಿದಳು. ಅವನ ಕಿವಿ ಕೆಂಪಾಯಿತು. ಒಳಗೆ ಹೋಗಿ ಗುದ್ದಲಿ ತಂದು ತನ್ನದನ್ನು ತಾನೇ ಮುಚ್ಚಿದ. ಉಳಿದವರಲ್ಲಿ ಐವರು ಹಾಗೆಯೇ ಮುಚ್ಚಿದರು. ಇಬ್ಬರ ಸೀಳನ್ನು ಅವಳೇ ಮುಚ್ಚಬೇಕಾಯಿತು. ಆ ಇಬ್ಬರಿಗೆ ಇವತ್ತಿಗೂ ನಾಚಿಕೆ ಬಂದಿಲ್ಲ, ದೇವರು ಅವರಿಗೂ ಆಯಸ್ಸು ಕೊಡಲಿ.

ಸಂಜೆಯ ನಮಾಜಿನ ಹೊತ್ತಿಗೆ ನೀರು ಅವಳ ಹಿತ್ತಲನ್ನು ದಾಟಿ ನಡುಗೇರಿಗೆ ಬಿದ್ದು, ಇನೋಬತ್‌ಳ ಮನೆಯವರೆಗೆ ಮುಟ್ಟಿತು. ಖೋಸಿಯತ್‌ಳ ಹುಳಗಳು ಹಣ್ಣಾಗಿ ತಲೆ ಎತ್ತಿ ಗೂಡಿಗೆ ಜಾಗ ಹುಡುಕುತ್ತಿದ್ದವು. ಅವುಗಳಿಗೆ ಒಣ ಗಿಡದ ಕಟ್ಟು ಹಾಸಿ, ಹೊರಗೆ ಬಂದು ನೋಡಿದಳು. ಒಂದು ಗೇಣಿನ ಆಚೆ ತುಂಬಿ ಹರಿಯುವ ಕಾಲುವೆ, ಈಚೆ ಬಿಸಿಲಿಗೆ ಬಾಡಿ ಮಲಗಿದ ಈರುಳ್ಳಿ ಮಡಿ. ಗುದ್ದಲಿ ಗೋಡೆಗೆ ಒರಗಿತ್ತು.

ಅವಳು ಬಗ್ಗಿ, ಬೆರಳಿನಷ್ಟೂ ದಪ್ಪವಾಗದ ಆ ಈರುಳ್ಳಿಗಳನ್ನು ಒಂದೂ ಬಿಡದೆ ಕಿತ್ತು, ಮಣ್ಣು ಒದರಿ, ರಾತ್ರಿಯ ಸಾರಿಗೆ ಹಾಕಿದಳು. ಸಾರು ಕಹಿಯಾಗಿತ್ತು. ಪೂರ್ತಿ ಕುಡಿದಳು.